ಪಿಕಪ್ಪಿನ ಕನ್ವರ್ಟರ್ ಬದಲಾಯಿಸುವ ಮೊದಲು

೨೦೨೦ರಲ್ಲಿ ಬಿ.ಎಸ್.-೬ ನಿಯಮ ಜಾರಿಗೆ ಬಂದ ಮೇಲೆ ನಮ್ಮ ಸದಸ್ಯರಲ್ಲಿ ಕೆಲವರು ಪೆಟ್ರೋಲಿನ ಸಣ್ಣ ಪಿಕಪ್ ಕೊಂಡರು. ಆ ಗಾಡಿಗಳಿಗೆ ಈಗ ವಯಸ್ಸಾಗುತ್ತಿದೆ. ಮೂಟೆ ಹೇರಿ ಘಾಟಿ ಹತ್ತುವಾಗ ಎಳೆತ ಸಾಲದು, ಪೆಟ್ರೋಲ್ ಹೆಚ್ಚು ಕುಡಿಯುತ್ತದೆ, ಎದುರಿನ ಫಲಕದಲ್ಲಿ ಎಂಜಿನ್ ಆಕಾರದ ಹಳದಿ ದೀಪ ಆರುವುದೇ ಇಲ್ಲ. ಗ್ಯಾರೇಜಿಗೆ ಹೋದರೆ ‘ಕ್ಯಾಟಲಿಟಿಕ್ ಕನ್ವರ್ಟರ್ ಹೋಗಿದೆ’ ಎಂಬ ಉತ್ತರ. ಬೆಲೆ ಕೇಳಿದೊಡನೆ ಎಷ್ಟು ಅಡಿಕೆ ಮಾರಬೇಕೆಂಬ ಲೆಕ್ಕ ತಲೆಯಲ್ಲಿ ಓಡುತ್ತದೆ.

ನನಗೂ ಹಾಗೆಯೇ ಆಯಿತು. ಹೊಸದನ್ನು ಹಾಕಿಸಿ ಏಳು ತಿಂಗಳಿಗೆ ಅದೇ ದೀಪ ಮತ್ತೆ ಹತ್ತಿತು. ಕನ್ವರ್ಟರ್ ಹಾಳಾಗಿದ್ದುದು ನಿಜ. ಆದರೆ ಅದನ್ನು ಹಾಳು ಮಾಡಿದ್ದು ಸರಿಯಾಗಿ ಕಿಡಿ ಕೊಡದ ಒಂದು ಇಗ್ನಿಷನ್ ಕಾಯಿಲ್. ಅದನ್ನು ಯಾರೂ ನೋಡಿರಲಿಲ್ಲ; ನಾನೂ ಕೇಳಿರಲಿಲ್ಲ.

ಕನ್ವರ್ಟರ್ ಎಂದರೆ ಸೈಲೆನ್ಸರ್ ಕೊಳವೆಯ ದಾರಿಯಲ್ಲಿರುವ ಉಕ್ಕಿನ ಡಬ್ಬಿ. ಒಳಗೆ ಜೇನುಗೂಡಿನಂತಹ ಪಿಂಗಾಣಿ. ಅದರ ಮೇಲೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೋಹಗಳ ತೆಳು ಲೇಪ. ಹೊಗೆಯಲ್ಲಿನ ವಿಷಾನಿಲಗಳು ಇಲ್ಲಿ ಬಹುಪಾಲು ನಿರಪಾಯವಾಗುತ್ತವೆ. ಈ ಕೆಲಸ ಚೆನ್ನಾಗಿ ನಡೆಯಲು ಒಂದು ಭಾಗ ಪೆಟ್ರೋಲಿಗೆ ತೂಕದಲ್ಲಿ ಸುಮಾರು ೧೪.೭ ಭಾಗ ಗಾಳಿ ಬೇಕು. ಆ ಹದ ಕಾಯುವುದು ಕನ್ವರ್ಟರಿನ ಮುಂದಿನ ಆಕ್ಸಿಜನ್ ಸೆನ್ಸರ್. ಸಾಮಾನ್ಯ ಬಗೆಯದಾದರೆ ಅದರ ವೋಲ್ಟೇಜ್ ೦.೧ರಿಂದ ೦.೯ರವರೆಗೆ ಬೇಗ ಬೇಗ ಏರಿಳಿಯುತ್ತಿರಬೇಕು. ಹಿಂದಿನ ಸೆನ್ಸರಿನದು ಕನ್ವರ್ಟರನ್ನು ಕಾಯುವ ಕೆಲಸ; ಅದರ ವೋಲ್ಟೇಜ್ ಹೆಚ್ಚು ಕಡಿಮೆ ನಿಂತಂತೆಯೇ ಇರಬೇಕು. ಅದೂ ಮುಂದಿನದರಂತೆ ಕುಣಿಯತೊಡಗಿದರೆ ಕನ್ವರ್ಟರ್ ದಣಿದಿದೆ ಎಂದು ತಿಳಿಯಬಹುದು. ಡೀಸೆಲ್ ಗಾಡಿಯ ವ್ಯವಸ್ಥೆ ಬೇರೆ. ಈ ಪಾಠ ಅದಕ್ಕೆ ಹೊಂದುವುದಿಲ್ಲ.

ಸ್ಕ್ಯಾನರ್ ಹಚ್ಚಿದಾಗ ‘ಪಿ೦೪೨೦’ ಎಂದು ಬಂದರೆ ಕನ್ವರ್ಟರಿನ ಕೆಲಸ ಕುಗ್ಗಿದೆ ಎಂದಷ್ಟೇ ಅರ್ಥ. ಏಕೆ ಕುಗ್ಗಿತು ಎಂಬುದನ್ನು ಅದು ಹೇಳದು. ಜೊತೆಗೆ ‘ಪಿ೦೩೦೦’ ಅಥವಾ ಅದರ ನೆರೆಯ ಸಂಖ್ಯೆಗಳಿದ್ದರೆ ಸಿಲಿಂಡರ್ ಸರಿಯಾಗಿ ಉರಿಯುತ್ತಿಲ್ಲ. ಮೊದಲು ಪ್ಲಗ್ಗು, ಕಾಯಿಲ್ ನೋಡಿಸಿ. ಉರಿಯದ ಪೆಟ್ರೋಲ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿದು ಪಿಂಗಾಣಿಯನ್ನೇ ಕರಗಿಸುತ್ತದೆ. ಎಂಜಿನ್ ಆಯಿಲ್ ಕುಡಿಯುತ್ತಿದ್ದರೆ, ಕೂಲೆಂಟ್ ಒಳಗೆ ಸೋರುತ್ತಿದ್ದರೆ ಲೇಪಕ್ಕೂ ಸೆನ್ಸರಿಗೂ ಕಿಟ್ಟ ಹಿಡಿಯುತ್ತದೆ. ಸೆನ್ಸರಿನ ಹತ್ತಿರ ಕೊಳವೆ ತೂತಾಗಿ ಹೊರಗಿನ ಗಾಳಿ ಸೇರಿದರೆ ಸೆನ್ಸರ್ ಸುಳ್ಳು ಹೇಳುತ್ತದೆ. ವೈರನ್ನೂ ನೋಡಿ. ಮೂಟೆ ಇಡುವ ಶೆಡ್ಡಿನಲ್ಲೇ ಗಾಡಿ ನಿಲ್ಲಿಸುವ ನಮಗೆ ಇಲಿಯ ಕಾಟ ಹೊಸದಲ್ಲ.

ಸೆನ್ಸರ್ ಬದಲಾಯಿಸುವ ಕೆಲಸ ಕೈಪಳಗಿದವರು ಮನೆಯಲ್ಲೇ ಮಾಡಬಹುದು. ಸಾಧಾರಣವಾಗಿ ೨೨ ಮಿ.ಮೀ. ಸ್ಪ್ಯಾನರ್ ಬೇಕು, ವೈರು ಹಾಯಲು ಸೀಳಿರುವ ಸಾಕೆಟ್ ಸಿಕ್ಕರೆ ಇನ್ನೂ ಒಳ್ಳೆಯದು. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿ. ಎಂಜಿನ್ ಬೆಚ್ಚಗಿರುವಾಗ ಬಿಚ್ಚಿ, ಸುಡುವಾಗ ಬೇಡ. ಹೊಸದರ ಥ್ರೆಡ್ಡಿಗೆ ಕಂಪನಿಯವರೇ ಗ್ರೀಸ್ ಹಚ್ಚಿರುತ್ತಾರೆ. ತುದಿಗೆ ಏನೂ ತಾಗಕೂಡದು. ವೈರನ್ನು ಕತ್ತರಿಸಿ ಬೆಸುಗೆ ಹಾಕಬೇಡಿ. ಹಲವು ಸೆನ್ಸರುಗಳು ಆ ವೈರಿನ ಒಳದಾರಿಯಿಂದಲೇ ಹೊರಗಿನ ಗಾಳಿ ಪಡೆಯುತ್ತವೆ.

ಕನ್ವರ್ಟರ್ ತಣ್ಣಗಿರುವಾಗ ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಒಳಗೆ ಗಲಗಲ ಎಂದರೆ ಪಿಂಗಾಣಿ ಒಡೆದಿದೆ, ಬದಲಾಯಿಸಲೇಬೇಕು. ಕೆಲವರು ‘ಒಳಗಿನದನ್ನು ಕುಟ್ಟಿ ತೆಗೆದುಬಿಡೋಣ, ಗಾಡಿ ಹಾರುತ್ತದೆ’ ಎನ್ನುತ್ತಾರೆ. ದಯವಿಟ್ಟು ಒಪ್ಪಬೇಡಿ. ಅದು ನಿಯಮಕ್ಕೆ ವಿರುದ್ಧ, ಹೊಗೆ ತಪಾಸಣೆಯಲ್ಲೂ ಸಿಕ್ಕಿಬೀಳುತ್ತೀರಿ, ದೀಪವಂತೂ ಆರದು. ಬಿಚ್ಚಿದ ಹಳೆಯ ಕನ್ವರ್ಟರನ್ನು ಕೇಳಿ ಪಡೆಯಿರಿ, ಇಲ್ಲವೇ ಅದರ ಬೆಲೆಯನ್ನು ಬಿಲ್ಲಿನಲ್ಲಿ ಕಳೆಯಲು ಹೇಳಿ. ಅದರೊಳಗಿನ ಲೋಹಗಳಿಗಾಗಿ ಗುಜರಿಯವರು ಒಳ್ಳೆಯ ಹಣ ಕೊಡುತ್ತಾರೆ.

ಘಾಟಿ ಹತ್ತಿ ಬಂದ ಗಾಡಿಯನ್ನು ತಕ್ಷಣ ಹಳ್ಳದ ನೀರಿಗಿಳಿಸಿದರೆ ಕಾದ ಪಿಂಗಾಣಿ ಬಿರುಕು ಬಿಡಬಹುದು. ಹತ್ತು ನಿಮಿಷ ದಡದಲ್ಲಿ ನಿಲ್ಲಿಸಿ. ಬೇಸಿಗೆಯಲ್ಲಿ ಒಣ ಸೋಗೆ, ತರಗೆಲೆಯ ಮೇಲಂತೂ ನಿಲ್ಲಿಸಲೇಬೇಡಿ. ಆ ಡಬ್ಬಿಯ ಬಿಸಿಗೆ ತರಗೆಲೆ ಹೊತ್ತಿಕೊಳ್ಳಬಲ್ಲದು.