ಹಳೆಯ ನೌಕರಿ ತೊರೆದ ಇಬ್ಬರು

ಸಂಬಳದ ಕೆಲಸ ಬಿಡುವುದೆಂದರೆ ನಮ್ಮ ಮನೆಯಲ್ಲಿ ಹುಚ್ಚುತನ. ಆದರೂ ವಿಜ್ಞಾನೋದ್ಯಮದ ಚರಿತ್ರೆಯಲ್ಲಿ ಅಂಥದೊಂದು ಪ್ರಸಂಗವುಂಟು. ರಾಬರ್ಟ್ ನಾಯ್ಸ್, ಗಾರ್ಡನ್ ಮೂರ್ ಇಬ್ಬರೂ ಹನ್ನೊಂದು ವರ್ಷ ದುಡಿದು ಬೆಳೆಸಿದ ಕ್ಯಾಲಿಫೋರ್ನಿಯದ ಫೇರ್‌ಚೈಲ್ಡ್ ಸೆಮಿಕಂಡಕ್ಟರ್ ಸಂಸ್ಥೆಯನ್ನು 1968ರಲ್ಲಿ ತೊರೆದರು. ಆಗ ನಾಯ್ಸ್‌ಗೆ ನಲವತ್ತು ವಯಸ್ಸು. ಕಾರಣವೇನು? ಅವರು ಗಳಿಸಿದ ಲಾಭ ನ್ಯೂಯಾರ್ಕಿನ ಮಾತೃಸಂಸ್ಥೆಗೆ ಹರಿದು ಬೇರೆ ವ್ಯವಹಾರಗಳಿಗೆ ವೆಚ್ಚವಾಗುತ್ತಿತ್ತು. ಅಲ್ಲಿಯ ಮುಖ್ಯಸ್ಥನ ಪದವಿಯೂ ನಾಯ್ಸ್‌ಗೆ ತಪ್ಪಿತು. 1959ರಲ್ಲಿ ಆತನೇ ರೂಪಿಸಿದ ಇಂಟಿಗ್ರೇಟೆಡ್ ಸರ್ಕಿಟ್ಟಿನ ಪೇಟೆಂಟ್ ಕೂಡ ಸಂಸ್ಥೆಯದೇ. ತಲೆಯಲ್ಲಿದ್ದ ವಿದ್ಯೆಯೊಂದೇ ಜೊತೆಗೆ ಬಂದದ್ದು. ಅದನ್ನು ನಂಬಿ ಕಟ್ಟಿದ ಇಂಟೆಲ್ 1971ರಲ್ಲಿ ಮೈಕ್ರೋಪ್ರೊಸೆಸರನ್ನು ಮಾರುಕಟ್ಟೆಗೆ ತಂದಿತು.

ಇದನ್ನೆಲ್ಲ ಅಪ್ಪನಿಗೆ ಹೇಳಿದೆ. "ದುಡ್ಡು ಕೊಟ್ಟೋರು ಯಾರು?" ಎಂದರು. ಪ್ರಶ್ನೆ ಸರಿಯೇ. ಆರ್ಥರ್ ರಾಕ್ ಎಂಬ ಬಂಡವಾಳಗಾರನು ಅವರ ಹೆಸರಿನ ಮೇಲೆಯೇ 25 ಲಕ್ಷ ಡಾಲರ್ ಕೂಡಿಸಿಕೊಟ್ಟಿದ್ದನು.