ಎಸ್‌ಡಿಎಂಸಿ ತರಬೇತಿ ಮಕ್ಕಳ ಓದಿಗೆ ಮುಟ್ಟಲಿ

ಪ್ರಶ್ನೆ: ನಮ್ಮೂರ ಸರ್ಕಾರಿ ಶಾಲೆಯ ಎಸ್‌ಡಿಎಂಸಿಗೆ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗೆ) ಹೊಸದಾಗಿ ಅಧ್ಯಕ್ಷೆಯಾಗಿದ್ದೇನೆ. ಸದಸ್ಯರಿಗೆ ಎಂಥ ತರಬೇತಿ ಕೇಳಲಿ?

ಉತ್ತರ: ಕಾಯ್ದೆ ತಿಳಿಸುವ ತರಬೇತಿಗೇ ನಿಲ್ಲಬೇಡಿ, ಮಕ್ಕಳ ಕಲಿಕೆಯನ್ನು ಅರಿಯುವ ತರಬೇತಿ ಕೇಳಿ. 2009ರ ಶಿಕ್ಷಣ ಹಕ್ಕು ಕಾಯ್ದೆ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕೆಂದು ಹೇಳಿ, ಶಾಲಾ ಅಭಿವೃದ್ಧಿ ಯೋಜನೆಯ ಹೊಣೆಯನ್ನೂ ಕೊಟ್ಟಿದೆ. ಆದರೆ ಹಕ್ಕು ಗೊತ್ತಾದ ಮಾತ್ರಕ್ಕೆ ಕಲಿಕೆ ಸುಧಾರಿಸದು. ಉತ್ತರ ಪ್ರದೇಶದ ಜೌನ್‌ಪುರದಲ್ಲಿ ಅಭಿಜಿತ್ ಬ್ಯಾನರ್ಜಿ, ರುಕ್ಮಿಣಿ ಬ್ಯಾನರ್ಜಿ ಮತ್ತಿತರರು ನಡೆಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನವನ್ನೇ ನೋಡಿ. ಸಭೆ ಸೇರಿಸಿ ಸಮಿತಿಯ ಅಧಿಕಾರಗಳನ್ನು ತಿಳಿಸಿದ್ದರಿಂದ ಸರ್ಕಾರಿ ಶಾಲೆಗಳ ಕಲಿಕೆ ಬದಲಾಗಲಿಲ್ಲ. ಊರಿನ ಸ್ವಯಂಸೇವಕರಿಗೆ ಓದು ಕಲಿಸುವ ಸರಳ ವಿಧಾನ ಹೇಳಿಕೊಟ್ಟಾಗ, ಅವರ ತರಗತಿಗೆ ಬಂದ ಮಕ್ಕಳ ಓದು ಸುಧಾರಿಸಿತು.

ಕಲಿಕೆ ಅರಿಯುವ ತರಬೇತಿ ಎಂದಾಗ ‘ನಮ್ಮಲ್ಲಿ ಎಷ್ಟೋ ಜನಕ್ಕೆ ಓದೇ ಬರಲ್ಲ’ ಎಂಬ ಆಕ್ಷೇಪ ಸದಸ್ಯರಿಂದ ಬರುತ್ತದೆ. ಆದರೆ ಮಗು ಒಂದು ಪ್ಯಾರಾವನ್ನು ಸರಾಗವಾಗಿ ಓದುತ್ತದೋ, ಒಂದೊಂದೇ ಅಕ್ಷರ ಕೂಡಿಸುತ್ತ ತಡವರಿಸುತ್ತದೋ ಎಂದು ತಿಳಿಯಲು ಕಿವಿಗೊಟ್ಟು ಕೇಳಿದರೆ ಸಾಕು. ಸದಸ್ಯರು ಹೀಗೆ ಮಕ್ಕಳ ಓದು ಕೇಳುವುದು ಶಿಕ್ಷಕರಿಗೆ ತಪಾಸಣೆ ಅನ್ನಿಸಬಹುದು. ಅದಕ್ಕೇ ಅವರನ್ನೂ ಜೊತೆಗೆ ಕೂರಿಸಿಕೊಂಡು, ಯಾರದು ತಪ್ಪು ಎನ್ನುವುದನ್ನು ಬಿಟ್ಟು ಯಾವ ಮಗುವಿಗೆ ಏನು ಬೇಕು ಎಂದು ಚರ್ಚಿಸಿ. ಕಾಂಪೌಂಡು, ಶೌಚಾಲಯ, ಬಿಸಿಯೂಟ ಎಲ್ಲವೂ ಮುಖ್ಯವೇ. ಆದರೂ ಪ್ರತಿ ಸಭೆಯ ಮೊದಲ ವಿಷಯ ಮಕ್ಕಳ ಕಲಿಕೆಯೇ ಆಗಿರಲಿ.