ಬ್ಲೇಡನ್ನು ಬೈಯುವ ಮುನ್ನ ನೊರೆ ನೋಡಿ

'ಡಾಕ್ಟ್ರೇ, ಗಡ್ಡ ತೆಗೆದರೆ ಕತ್ತೆಲ್ಲ ಉರಿಯುತ್ತದೆ. ಸಂಜೆಯ ಹೊತ್ತಿಗೆ ಕೆಂಪು ಗುಳ್ಳೆ ಏಳುತ್ತವೆ. ಬ್ಲೇಡು ಬದಲಾಯಿಸಿದೆ, ರೇಜರ್ ಬದಲಾಯಿಸಿದೆ, ಏನೂ ಪ್ರಯೋಜನವಾಗಲಿಲ್ಲ.'

ಹೊಸದಾಗಿ ಕೆಲಸಕ್ಕೆ ಸೇರಿ ದಿನವೂ ಷೇವಿಂಗ್ ಮಾಡಿಕೊಳ್ಳುವ ಯುವಕರು ವೈದ್ಯರ ಮುಂದಿಡುವ ಸಾಮಾನ್ಯ ದೂರು ಇದು. ಮುಲಾಮು ಬರೆದುಕೊಡುವ ಮೊದಲು ಅವರನ್ನು ಕೇಳಬೇಕಾದ ಪ್ರಶ್ನೆ ಒಂದಿದೆ: 'ನೊರೆ ಹೇಗೆ ಮಾಡಿಕೊಳ್ಳುತ್ತೀರಿ?' ಸ್ನಾನದ ಸೋಪನ್ನು ಕೆನ್ನೆಗೆ ಉಜ್ಜಿ, ಅರ್ಧ ನಿಮಿಷದಲ್ಲಿ ಬ್ಲೇಡು ಹಿಡಿಯುವವರೇ ಹೆಚ್ಚು. ತೊಂದರೆಯ ಮೂಲ ಬಹಳಷ್ಟು ಸಲ ಅಲ್ಲೇ ಇರುತ್ತದೆ.

ನೊರೆಯ ಕೆಲಸವೇನು?

ಗಡ್ಡದ ಕೂದಲು ಕೆರಾಟಿನ್ ಎಂಬ ಪ್ರೋಟೀನಿನಿಂದ ಆದದ್ದು. ಒಣಗಿದ್ದಾಗ ಅದು ಬಿರುಸಾಗಿರುತ್ತದೆ. ನೀರು ಹೀರಿಕೊಂಡರೆ ಉಬ್ಬಿ ಮೆದುವಾಗುತ್ತದೆ. ಇದಕ್ಕೆ 2ರಿಂದ 3 ನಿಮಿಷ ಬೇಕು. ಬರಿಯ ನೀರು ಅಷ್ಟು ಹೊತ್ತು ಮುಖದ ಮೇಲೆ ನಿಲ್ಲದೆ ಹರಿದುಹೋಗುತ್ತದೆ. ಅದನ್ನು ಕೂದಲಿಗೆ ತಾಗಿದಂತೆ ಹಿಡಿದಿಡುವುದೇ ನೊರೆಯ ಮುಖ್ಯ ಕೆಲಸ. ಬ್ಲೇಡು ಸಲೀಸಾಗಿ ಜಾರಲು ನೆರವಾಗುವುದು ಎರಡನೆಯದು.

ಕೂದಲು ನೆನೆಯದಿದ್ದರೆ ಬ್ಲೇಡು ಅದನ್ನು ಕತ್ತರಿಸುವ ಮೊದಲು ಎಳೆಯುತ್ತದೆ. ನಾವು ಇನ್ನಷ್ಟು ಒತ್ತಿ ಹೆರೆಯುತ್ತೇವೆ. ಕೂದಲಿನೊಂದಿಗೆ ಚರ್ಮದ ಮೇಲ್ಪದರವೂ ಹೋಗುತ್ತದೆ. ಚರ್ಮದ ಮೇಲೆ ಇರುವ ಸ್ಟ್ಯಾಫಿಲೊಕಾಕಸ್ ಮುಂತಾದ ಬ್ಯಾಕ್ಟೀರಿಯಗಳು ಆ ಸಣ್ಣ ಗಾಯಗಳ ಮೂಲಕ ಒಳಹೊಕ್ಕು ಕೂದಲಿನ ಬುಡದಲ್ಲಿ ಕೀವುಗುಳ್ಳೆ ಎಬ್ಬಿಸುತ್ತವೆ.

ಸ್ನಾನದ ಸೋಪಿನ ನೊರೆ ಬೇಗ ಏಳುತ್ತದೆ, ಬೇಗ ಒಣಗುತ್ತದೆ. ಡಬ್ಬಿಯಲ್ಲಿ ದುಂಡಗೆ ಬರುವ ಹಳೆಯ ಬಗೆಯ ಷೇವಿಂಗ್ ಸೋಪಿನಲ್ಲಿ ಸ್ಟಿಯರಿಕ್ ಆಮ್ಲದ ಪಾಲು ಹೆಚ್ಚು. ಅದರಿಂದ ಸಣ್ಣ ಗುಳ್ಳೆಗಳ, ದಟ್ಟವಾದ, ಬಹಳ ಹೊತ್ತು ನಿಲ್ಲುವ ನೊರೆ ಬರುತ್ತದೆ. ಅದರಲ್ಲಿರುವ ಗ್ಲಿಸರಿನ್ ತೇವ ಆರದಂತೆ ಕಾಯುತ್ತದೆ.

ನೊರೆ ಮಾಡುವ ಕ್ರಮ

1. ಸ್ನಾನದ ನಂತರ ಷೇವಿಂಗ್ ಮಾಡಿಕೊಳ್ಳುವುದು ಉತ್ತಮ. ಆಗದಿದ್ದರೆ ಉಗುರುಬೆಚ್ಚಗಿನ ನೀರಿನಲ್ಲಿ ಮುಖ ತೊಳೆಯಿರಿ. ಒರೆಸಬೇಡಿ.

2. ಬ್ರಷ್‌ನ ಕೂದಲನ್ನು ಬೆಚ್ಚಗಿನ ನೀರಿನಲ್ಲಿ 2-3 ನಿಮಿಷ ನೆನೆಯಲು ಬಿಡಿ. ನೈಲಾನ್ ಬ್ರಷ್ ಆದರೆ ಒದ್ದೆ ಮಾಡಿದರೆ ಸಾಕು. ಸೋಪಿನ ಮೇಲೂ ನಾಲ್ಕು ಹನಿ ನೀರು ಹಾಕಿಡಿ.

3. ಬ್ರಷ್ಷನ್ನು ಎರಡು ಸಲ ಕೊಡವಿ, ಸೋಪಿನ ಮೇಲೆ ಸುಮಾರು 30 ಸೆಕೆಂಡು ದುಂಡಗೆ ಆಡಿಸಿ. ಮೊದಲು ದೊಡ್ಡ ಗುಳ್ಳೆಗಳು ಬರುತ್ತವೆ. ಅಲ್ಲಿಗೆ ನಿಲ್ಲಿಸಬೇಡಿ. ಬ್ರಷ್‌ನ ತುದಿಗೆ ಪೇಸ್ಟಿನಂತೆ ಗಟ್ಟಿಯಾಗಿ ಅಂಟಿಕೊಳ್ಳುವವರೆಗೆ ಆಡಿಸಿ.

4. ಈಗ ಒದ್ದೆ ಮುಖದ ಮೇಲೆ ದುಂಡಗೆ ಉಜ್ಜಿ. ಆಗಾಗ ಬ್ರಷ್‌ನ ತುದಿಯನ್ನಷ್ಟೇ ನೀರಿಗೆ ತಾಗಿಸಿ ಮತ್ತೆ ಉಜ್ಜಿ. ಹೀಗೆ ಮೂರು ನಾಲ್ಕು ಸಲ ಮಾಡಿ.

ವಡೆಗೆ ಉದ್ದು ರುಬ್ಬುವವರಿಗೆ ಇದರ ಹದ ಹೇಳಿಕೊಡಬೇಕಾಗಿಲ್ಲ. ನೀರು ಕಡಿಮೆಯಾದರೆ ಹಿಟ್ಟು ಅರಳುವುದಿಲ್ಲ. ಒಮ್ಮೆಲೇ ಸುರಿದರೆ ತೆಳ್ಳಗಾಗಿ ಕೆಡುತ್ತದೆ. ಸ್ವಲ್ಪ ಸ್ವಲ್ಪವೇ ಚಿಮುಕಿಸಬೇಕು. ನೊರೆಯೂ ಹಾಗೆಯೇ. ಕೆನ್ನೆಯ ಮೇಲೆ ಒಂದು ನಿಮಿಷದಲ್ಲಿ ಒಣಗಿ ಬಿಳಿ ಪುಡಿಯಾದರೆ ನೀರು ಸಾಲದು. ಗುಳ್ಳೆಗಳು ದೊಡ್ಡದಾಗಿ ಕತ್ತಿಗೆ ಇಳಿದರೆ ನೀರು ಹೆಚ್ಚು, ಇಲ್ಲವೇ ಸೋಪು ಕಡಿಮೆ. ನುಣ್ಣಗೆ ಹೊಳೆಯುತ್ತ, ಗುಳ್ಳೆ ಕಾಣದಂತೆ ನಿಂತರೆ ಹದ ಸರಿಯಾಗಿದೆ.

5. ಒಂದೆರಡು ನಿಮಿಷ ಹಾಗೆಯೇ ಬಿಡಿ. ನಂತರ ಕೂದಲು ಬೆಳೆದ ದಿಕ್ಕಿನಲ್ಲಿ, ಒತ್ತದೆ, ಬ್ಲೇಡು ಆಡಿಸಿ. ಕತ್ತಿನ ಕೂದಲು ಅಡ್ಡಡ್ಡ ಬೆಳೆದಿರಬಹುದು. ಬೆರಳಾಡಿಸಿ ದಿಕ್ಕು ತಿಳಿದುಕೊಳ್ಳಿ. ಎರಡನೇ ಸಲ ಹೆರೆಯಬೇಕಾದರೆ ಮತ್ತೆ ನೊರೆ ಹಚ್ಚಿಯೇ ಹೆರೆಯಿರಿ.

ನೊರೆಯೇ ಏಳದಿದ್ದರೆ?

ಸೋಪನ್ನು ದೂರುವ ಮೊದಲು ನೀರನ್ನು ನೋಡಿ. ಬಯಲುಸೀಮೆಯ ಬೋರ್‌ವೆಲ್ ನೀರು ಹಲವು ಕಡೆ ಗಡಸು. ಅದರಲ್ಲಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಸೋಪಿನೊಂದಿಗೆ ಸೇರಿ ಕರಗದ ಗಷ್ಟಾಗುತ್ತವೆ. ನೊರೆಯಾಗಬೇಕಿದ್ದ ಸೋಪು ಹೀಗೆ ವ್ಯರ್ಥವಾಗುತ್ತದೆ. ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಮೀರಬಾರದು, ಬೇರೆ ನೀರಿಲ್ಲದಿದ್ದರೆ 600ರವರೆಗೆ ಒಪ್ಪಬಹುದು ಎಂಬುದು ಭಾರತೀಯ ಮಾನಕ. ಗೀಸರಿನ ಕಾಯಿಲ್ ಮೇಲೆ ಬಿಳಿ ಹೆಕ್ಕಳೆ ಕಟ್ಟುತ್ತಿದ್ದರೆ ನಿಮ್ಮ ಮನೆಯ ನೀರು ಗಡಸು ಎಂದೇ ತಿಳಿಯಿರಿ. ಅಂಥ ನೀರನ್ನು ಕುದಿಸಿ, ಆರಿಸಿ, ಮೇಲಿನ ತಿಳಿ ಬಳಸಿದರೆ ಗಡಸುತನ ಸ್ವಲ್ಪ ತಗ್ಗುತ್ತದೆ. ಆರ್‌ಓ ಫಿಲ್ಟರಿನ ನೀರು ಅಥವಾ ಹಿಡಿದಿಟ್ಟ ಮಳೆನೀರು ಇನ್ನೂ ಉತ್ತಮ. ನೊರೆಗೆ ಒಂದು ಲೋಟ ಸಾಕು.

ಒಬ್ಬರಿಗೆ ಒಂದು ಬ್ರಷ್

ಮೊದಲ ಮಹಾಯುದ್ಧದ (1914-18) ಕಾಲದಲ್ಲಿ ಸರಿಯಾಗಿ ಶುದ್ಧಿ ಮಾಡದ ಕುದುರೆ ಕೂದಲಿನ ಷೇವಿಂಗ್ ಬ್ರಷ್‌ಗಳಿಂದ ಸೈನಿಕರಿಗೆ ಆಂಥ್ರಾಕ್ಸ್ ತಗುಲಿ ಸಾವುಗಳೂ ಸಂಭವಿಸಿದವು. ಇಂದಿನ ಬ್ರಷ್‌ಗಳಲ್ಲಿ ಆ ಭಯವಿಲ್ಲ. ಆದರೆ ರಕ್ತದಿಂದ ಹರಡುವ ರೋಗಗಳ ಭಯ ಉಳಿದಿದೆ. ಹೆಪಟೈಟಿಸ್-ಬಿ ವೈರಸ್ ದೇಹದ ಹೊರಗೆ ಕನಿಷ್ಠ 7 ದಿನ ಬದುಕಬಲ್ಲದು. ಆದ್ದರಿಂದ ಅಪ್ಪ-ಮಗ, ಅಣ್ಣ-ತಮ್ಮ ಎನ್ನದೆ ಬ್ಲೇಡು, ಬ್ರಷ್, ಪಟಿಕದ ಹರಳು ಎಲ್ಲವೂ ಬೇರೆ ಬೇರೆ ಇರಲಿ. ಸೆಲೂನಿನಲ್ಲಿ ಹೊಸ ಬ್ಲೇಡು ಕೇಳಲು ಸಂಕೋಚ ಬೇಡ. ಎಲ್ಲರ ಮುಖಕ್ಕೂ ತಾಗಿದ ಪಟಿಕ ಬೇಡವೆನ್ನಿ. ಬಳಸಿದ ಬ್ರಷ್ಷನ್ನು ಚೆನ್ನಾಗಿ ತೊಳೆದು, ಕೊಡವಿ, ಗಾಳಿಯಾಡುವ ಕಡೆ ಒಣಗಿಸಿ. ಒದ್ದೆಯಾಗಿ ಡಬ್ಬಿಯಲ್ಲಿ ಮುಚ್ಚಿಡಬೇಡಿ.

ಇವರಿಗೆ ಹೆಚ್ಚಿನ ಎಚ್ಚರ

ಸಕ್ಕರೆ ಕಾಯಿಲೆಯವರಲ್ಲಿ ಸಣ್ಣ ಗಾಯಕ್ಕೂ ಸೋಂಕು ತಗುಲಬಹುದು, ಮಾಯುವುದು ತಡವಾಗಬಹುದು. ಹೃದ್ರೋಗಕ್ಕಾಗಿ ರಕ್ತ ಹೆಪ್ಪುಗಟ್ಟದ ಮಾತ್ರೆ ನುಂಗುವವರಲ್ಲಿ ರಕ್ತ ಬೇಗ ನಿಲ್ಲದು. ಹಾಸಿಗೆ ಹಿಡಿದ ಹಿರಿಯರಿಗೆ ಮನೆಯವರೇ ಗಡ್ಡ ತೆಗೆಯುವಾಗ ಅವಸರ ಸಲ್ಲದು. ಸಡಿಲವಾದ ಚರ್ಮ ಬ್ಲೇಡಿಗೆ ಬೇಗ ಸಿಗುತ್ತದೆ. ಬಿಸಿನೀರಿನ ಬಟ್ಟೆಯನ್ನು ಹಿಂಡಿ, ಬಿಸಿ ಹದವಾಗಿದೆಯೇ ಎಂದು ನಿಮ್ಮ ಕೈಗೆ ತಾಗಿಸಿ ನೋಡಿ, ಎರಡು ನಿಮಿಷ ಅವರ ಕೆನ್ನೆಯ ಮೇಲಿಟ್ಟು ಆಮೇಲೆ ನೊರೆ ಹಚ್ಚಿ.

ಗುಳ್ಳೆಗಳು ಎದ್ದಿದ್ದರೆ ಕೆಲವು ದಿನ ಷೇವಿಂಗ್ ನಿಲ್ಲಿಸಿ. ಮೇಲ್ತುಟಿ ಮತ್ತು ಮೂಗಿನ ಸುತ್ತಲಿನ ಕೀವುಗುಳ್ಳೆಯನ್ನು ಎಂದಿಗೂ ಹಿಸುಕಬೇಡಿ. ಅಲ್ಲಿನ ರಕ್ತನಾಳಗಳ ಮೂಲಕ ಸೋಂಕು ಮಿದುಳಿನತ್ತ ಹೋಗುವ ಅಪಾಯ ಅಪರೂಪಕ್ಕಾದರೂ ಇದೆ. ಉಂಗುರದಂತೆ ಹರಡುವ ತುರಿಕೆ ಕಂಡರೆ ಅದು ಶಿಲೀಂಧ್ರದ ಸೋಂಕಿರಬಹುದು. ಔಷಧಿ ಅಂಗಡಿಯಲ್ಲಿ ಕೇಳಿ ತಂದ ಸ್ಟಿರಾಯ್ಡ್ ಮುಲಾಮು ಅದನ್ನು ಉಲ್ಬಣಗೊಳಿಸುತ್ತದೆ. ಊತ, ಜ್ವರ, ಹರಡುವ ಕೆಂಪು ಕಂಡರೆ ತಡಮಾಡದೆ ವೈದ್ಯರಿಗೆ ತೋರಿಸಿ.

ಉಳಿದವರು ನಾಳೆ ಬೆಳಿಗ್ಗೆ ಐದು ನಿಮಿಷ ಮುಂಚೆ ಕನ್ನಡಿಯ ಮುಂದೆ ನಿಂತರೆ ಸಾಕು. ಎರಡು ವಾರ ಹೀಗೆ ಮಾಡಿ ನೋಡಿ. ಗುಳ್ಳೆ, ಉರಿ ಕಡಿಮೆಯಾಗದಿದ್ದರೆ ಆಗ ವೈದ್ಯರ ಬಳಿ ಹೋಗಿ.